ಒಂದು ಕಣ್ಣು ಬಾಕಿ

ಸರೋವರದ ದಂಡೆ ಹೆಪ್ಪುಗಟ್ಟಿದ ವಾರ
ಡುಲೂತಿನ ಮನೆಗಳೆಲ್ಲ ಹೀಟರಿಗೆ ಒಣಗುತ್ತವೆ.
ನನ್ನ ಹೆಬ್ಬೆರಳ ತುದಿ ಬಿರಿಯಿತು,
ಬಾಗಿಲ ಚೌಕಟ್ಟು ಬಿರಿಯಿತು,
ಬಿರಿಯಬೇಕಾದ ನೂಡಲ್ ಬಿರಿಯಲಿಲ್ಲ.

ಹನ್ನೊಂದು ದಿನದಿಂದ ಕಣ್ಣು ಹಾಲುನೀಲಿ.
ಮೊದಲಾದರೆ ಐದನೆಯ ದಿನಕ್ಕೆ ತಿಳಿಯಾಗಿ,
ಒಂದು ರಾತ್ರಿ ಮೂತಿಯನ್ನು ಕಲ್ಲಿಗೆ ತಿಕ್ಕಿ
ಕಾಲುಚೀಲ ತಿರುವಿಹಾಕಿದ ಹಾಗೆ
ತನ್ನೊಳಗಿಂದ ತಾನೇ ಹೊರಟುಬರುತ್ತಿದ್ದಳು,
ಆಗಷ್ಟೇ ಸುಟ್ಟ ಇಟ್ಟಿಗೆಯ ಬಣ್ಣ.

ಶಾಲೆ ಮುಚ್ಚಿದಾಗ
ಬೆಂಚು, ಭೂಪಟ, ಅಸ್ಥಿಪಂಜರ ಹರಾಜಾದವು.
ಹಾವನ್ನು ಕೇಳುವವರಿಲ್ಲ.
ಬಸ್ ಓಡಿಸುವ ನಾನು ಗಾಜಿನ ಪೆಟ್ಟಿಗೆಗೆ ಬೆಲ್ಟು ಬಿಗಿದು ತಂದೆ,
ಜೊತೆಗೆ ಮಕ್ಕಳು ಇಟ್ಟಿದ್ದ ಲೆಕ್ಕದ ಪುಸ್ತಕ.

ಮೊದಲ ಪುಟ, ಪೆನ್ಸಿಲು, ಜೋಲೀನ್ ವೂರಿಯ ಕೈಬರಹ:
‘ಇಡೀ ಪೊರೆ! ಕಣ್ಣೂ ಇದೆ! ನನಗಿಂತ ಗಿಡ್ಡ!’
ಐದು ವಾರಕ್ಕೊಂದು ತಾರೀಖು. ಆಮೇಲೆ ಎಂಟು.
ಆಮೇಲೆ ನನ್ನ ಅಕ್ಷರ: ಮೂರು ತಿಂಗಳು. ಐದು.
ಹರಿದಿದೆ. ಬಾಲಕ್ಕೆ ಉಂಗುರ ಉಳಿದಿದೆ.

ಡಾಕ್ಟರ್ ಹೈಕಿಲಾ ಬಾಯಿ ತೆರೆದು ನೋಡಿದಳು,
ಹುರುಪೆಯ ಸಂದಿಯಲ್ಲಿ ನುಸಿ ಹುಡುಕಿದಳು, ತೂಗಿದಳು.
‘ಬೆಳೆಯುವ ಮೈಗೆ ಬಟ್ಟೆ ಬೇಗ ಗಿಡ್ಡವಾಗುತ್ತದೆ.
ಇದು ಬೆಳೆದು ಮುಗಿಸಿದ ಮೈ. ನಿಧಾನಕ್ಕೆ ದೋಷವಿಲ್ಲ.
ಹರಿಯುವುದು ಬೇರೆ ಮಾತು. ನಿಮ್ಮ ಮನೆ ಒಣಗಿದೆ.’
ರೋಗವಲ್ಲ, ವಯಸ್ಸು.
ಸಮಾಧಾನವಾಗಬೇಕಿತ್ತು.

ಐಸ್‌ಕ್ರೀಮ್ ಡಬ್ಬಿಗೆ ತೂತು ಕೊರೆದು ಒದ್ದೆ ಪಾಚಿ ತುಂಬಿದೆ.
ಹದಿಮೂರನೆಯ ರಾತ್ರಿ ಬಿಟ್ಟಳು, ಹರಕು ಹರಕಾಗಿ.
ಬೆಳಗ್ಗೆ ಉಗುರುಬೆಚ್ಚನೆ ನೀರು,
ಕೂಸಿಗೆ ನೋಡುವಂತೆ ಮಣಿಕಟ್ಟಿನಲ್ಲಿ ನೋಡಿ.
ಎಳೆಯಕೂಡದು.
ಒದ್ದೆ ಟವೆಲ್ಲಿನ ಮಡಿಕೆಯಲ್ಲಿ ಅವಳೇ ನುಸುಳಬೇಕು;
ನಾನು ಸುಮ್ಮನೆ ಸ್ವಲ್ಪ ಬಿಗಿಯಾಗಿ ಇರಬೇಕು.
ಹದಿನಾಲ್ಕು ವರ್ಷ ಪೊರೆದ ಕೈಗೆ
ಇಷ್ಟು ಕಡಿಮೆ ಮಾಡುವುದು ಕಷ್ಟ.

ಬಾಲದ ಉಂಗುರ ಬಂತು, ಈರುಳ್ಳಿ ಸಿಪ್ಪೆಯಷ್ಟೂ ತೂಕವಿಲ್ಲ.
ಬಲಗಣ್ಣಿನದು ಬಂತು.
ಎಡಗಣ್ಣಿನದು ಬರಲಿಲ್ಲ.

ಫೋನಿನಲ್ಲಿ ಹೈಕಿಲಾ: ‘ಕೆದಕಬೇಡಿ.
ಮುಂದಿನ ಪೊರೆಯ ಜೊತೆ ಬಂದೀತು.’
ಮುಂದಿನದು.
ಬೆರಳು ಮಡಿಸಿ ಎಣಿಸಿದೆ, ಜುಲೈ ಹತ್ತಿರ ನಿಂತೆ.

ನನಗೂ ಕಣ್ಣಿನ ಪೊರೆ, ಮಾರ್ಚಿಗೆ ತೆಗೆಯುತ್ತಾರೆ.
ದೀಪದ ಕೆಳಗೆ ಪುಸ್ತಕ ಹಿಡಿದು ಬರೆದೆ:
ಫೆಬ್ರವರಿ ಎರಡು. ನಾಲ್ಕು ತುಂಡು. ಒಂದು ಕಣ್ಣು ಬಾಕಿ.
ಕಾಣಲೆಂದು ದಪ್ಪಗೆ ಬರೆದದ್ದು
ಎರಡು ಗೆರೆ ತಿಂದಿತು.