ಅಂಗೈಯಗಲ

ಮೊದಲು ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಬಡಿಯುತ್ತೇನೆ.
ಕಾಂಕ್ರೀಟಾದರೆ ಮಾತಾಡುವುದಿಲ್ಲ,
ಮುರಕಲ್ಲಾದರೆ ಒಳಗೆಲ್ಲೋ ಹೂಂ ಅನ್ನುತ್ತದೆ.
ಗ್ಯಾಸ್ ಗೀಸರು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಉಂಟು.
"ಬೇಗ ಮುಗಿಸಿ ಐತಪ್ಪಣ್ಣ, ನಾಡಿದ್ದು ನೆಂಟರು ಬರುವವರು"
ಎನ್ನುತ್ತಾರೆ ಕಲ್ಯಾಣಪುರದ ಸೆವ್ರಿನ್ ಬಾಯಿ.
ನಾನು ಕೇಳುವುದು ಒಂದೇ: ಗಾಳಿ ಎಲ್ಲಿಂದ?

ಕಿಟಕಿ ಉಂಟಲ್ಲ, ಎಂದು ತೋರಿಸುತ್ತಾರೆ.
ಉಂಟು. ಗಾಜು ಹಾಕಿ, ಗಾಜಿನ ಸುತ್ತ ಅಂಟು ಬಳಿದು,
ಸೊಳ್ಳೆಗೆಂದು ಬಲೆ, ಬಲೆಗೆ ಹಿಟ್ಟಿನಂಥ ಧೂಳು,
ಆಚೆಮನೆಯ ಕಣ್ಣಿಗೆಂದು ಒಂದು ಹೂಹೂ ಪರದೆ.
ಬಾಗಿಲಡಿಯ ಸಂದಿಗೆ, ಜಿರಳೆ ಬಾರದಂತೆ, ರಬ್ಬರು.
ಇಷ್ಟು ಬಿಗಿಯಾಗಿ ಉಪ್ಪಿನಕಾಯಿ ಭರಣಿಯ ಬಾಯನ್ನೂ
ಯಾರೂ ಕಟ್ಟುವುದಿಲ್ಲ.

ಹೊರಗೋಡೆಗೆ ತೂಗಹಾಕುವ, ಎನ್ನುತ್ತೇನೆ.
"ಸಮುದ್ರದ ಉಪ್ಪುಗಾಳಿ. ಎರಡು ಮಳೆಗೆ ತುಕ್ಕು."
ಹಾಗಾದರೆ ತೂತು ಕೊರೆಯುವ. ಮೇಲೊಂದು, ಕೆಳಗೊಂದು.
"ಮೊನ್ನೆಯಷ್ಟೇ ಹಾಕಿಸಿದ ಟೈಲು!"
ಸೋಫಾದಿಂದ ಗಂಡನ ಸ್ವರ:
"ಕಿಂಡಿ ಬೇಕಾದರೆ ಉಡುಪಿ ಮಠಕ್ಕೆ ಹೋಗಿ ಮಾರಾಯ್ರೆ."
ನಗುತ್ತೇನೆ. ವರ್ಷಕ್ಕೆ ಹತ್ತು ಸಲ ಕೇಳುವ ತಮಾಷೆ,
ಹತ್ತು ಸಲವೂ ನಗುವುದು ಮಜೂರಿಯಲ್ಲೇ ಸೇರಿದೆ.

ನನ್ನಜ್ಜಿಯ ಬಚ್ಚಲಿಗೆ ಬಾಗಿಲೇ ಇರಲಿಲ್ಲ, ಮಡಲಿನ ತಟ್ಟಿ.
ಹಂಡೆಯಡಿಗೆ ಕೊತ್ತಳಿಗೆ, ಅರೆ ಒದ್ದೆ ಸಿಪ್ಪೆ.
ಹೊಗೆಗೆ ಆಗ ಮರ್ಯಾದೆ ಇತ್ತು:
ಬರುವ ಮುಂಚೆ ಕೆಮ್ಮಿಸುತ್ತಿತ್ತು, ಕಣ್ಣು ಹಿಂಡುತ್ತಿತ್ತು,
ಏಳು, ಹೊರಗೆ ಹೋಗು, ಎಂದು ಮೈಮೇಲೆ ಬೀಳುತ್ತಿತ್ತು.
ಸೋರುವ ಗ್ಯಾಸಿಗೂ ಒಂದು ಕೆಟ್ಟ ವಾಸನೆ ಬೆರೆಸಿ ಕಳಿಸುತ್ತಾರೆ.
ಇದು ಹಾಗಲ್ಲ. ಇದು ಉರಿದ ಮೇಲಿನದು.
ಬಣ್ಣವಿಲ್ಲ, ನಾತವಿಲ್ಲ.
ನೀಲಿ ಉರಿ ನಮ್ಮ ಪಾಲಿನ ಉಸಿರನ್ನೂ ಉಂಡು
ಎಂಜಲೆಲೆ ಎತ್ತದೆ ಎದ್ದುಹೋದ ಹಾಗೆ.
ತಲೆ ಸ್ವಲ್ಪ ಭಾರ. ಬಿಸಿನೀರಿಗೆ ಇರಬೇಕು, ಅನಿಸುತ್ತದೆ.
ಮೊಣಕಾಲು ಸಡಿಲ. ಒಂದು ಗಳಿಗೆ ಕೂರುವ, ಅನಿಸುತ್ತದೆ.

ಕಟಪಾಡಿಯಲ್ಲಿ ಒಂದು ಮನೆ. ಹೆಸರು ಬೇಡ.
ಅಲ್ಲಿಯೂ ಕೇಳಿದ್ದೆ. ಅಲ್ಲಿಯೂ ಟೈಲು ಹೊಸದು.
ಅವತ್ತು ಮಗನ ಶಾಲೆಯ ಫೀಸು ಕಟ್ಟುವುದಿತ್ತು,
ಕೊರೆಯದೆ ಸಿಕ್ಕಿಸಿ ಬಂದೆ.
ಆಟಿಯ ಒಂದು ಸಂಜೆ
ತಲೆಗೆ ನೀರು ಹಾಕಲು ಹೋದ ಹುಡುಗಿ,
ಬಕೆಟು ತುಂಬಿ ಹರಿಯುವ ಸದ್ದು, ಬರೀ ಅದೇ ಸದ್ದು,
ಆಮೇಲೆ ಚಿಲಕ ಮುರಿದದ್ದು.
ಬದುಕಿದಳು. ಅದು ಅವರ ಪುಣ್ಯ, ನನ್ನದಲ್ಲ.
ಬಿಕಾಂ ಮುಗಿಸಿದವಳು ಈಗ ಸೌಟು ಎನ್ನಲು ಹೊರಟು ನಿಲ್ಲುತ್ತಾಳಂತೆ,
ಸಾರು ಬಡಿಸುವ ಅದು, ಅದು, ಎನ್ನುತ್ತಾಳಂತೆ.
ಒಮ್ಮೆ ಬಸ್ಸಿನಲ್ಲಿ ನನ್ನ ನೋಡಿ ನಕ್ಕಳು.
ಯಾರೆಂದು ಗೊತ್ತಾಗಿರಲಿಕ್ಕಿಲ್ಲ.
ಎರಡು ಸ್ಟಾಪು ಮೊದಲೇ ಇಳಿದೆ.

ಟೈಲು ಒಡೆದರೆ ದುಡ್ಡು ಬೇಡ ಬಾಯಿ, ಎನ್ನುತ್ತೇನೆ.
ಗಂಡನ ಕಡೆ ನೋಡಿ, ನೆಲ ನೋಡಿ, ಆಯ್ತು ಎನ್ನುತ್ತಾರೆ.
ಯಂತ್ರ ಒತ್ತಿ ಹಿಡಿದು ನೀರು ಬಿಡುತ್ತೇನೆ.
ಮೊದಲು ಬಿಳಿ ರಾಡಿ, ಮತ್ತೆ ಸಿಮೆಂಟಿನ ಬೂದಿ,
ಕೊನೆಗೆ ಕೆಂಪು, ಊರಿನದೇ ಬಣ್ಣ.
ಅಂಗೈಯಗಲದ ಕಲ್ಲಿನ ಉರುಳೆ ಕೈಗೆ ಜಾರುತ್ತದೆ,
ಒಂದು ತುದಿಯಲ್ಲಿ ಟೈಲಿನ ಅರ್ಧ ಹೂವು.
ತೂತಿನಿಂದ ಆಚೆಮನೆಯ ಸಾರಿನ ಪರಿಮಳ.
"ಬಂಗುಡೆ" ಎನ್ನುತ್ತಾರೆ ಸೆವ್ರಿನ್ ಬಾಯಿ, ಮೂಗು ಎತ್ತಿ.
ಹೌದು, ಬಂಗುಡೆಯೇ.

ಮುರಕಲ್ಲಿಗೆ ಮೈಯೆಲ್ಲ ತೂತು,
ಒಂದೂ ಆಚೆ ಮುಟ್ಟುವುದಿಲ್ಲ.
ನನ್ನ ಕೆಲಸ ಮುಟ್ಟಿಸುವುದು, ಅಷ್ಟೆ.

ಉರುಳೆಗಳನ್ನು ಮನೆಗೆ ಒಯ್ಯುತ್ತೇನೆ.
ಟೆರೇಸಿನಲ್ಲಿ ಹಲಸಿನ ಹಪ್ಪಳ ಹರಡಿದ ಶೀಟಿನ ಮೂಲೆಗೆ
ಸುಗಂಧಿ ಅವನ್ನು ಇಡುತ್ತಾಳೆ, ಗಾಳಿಗೆ ಹಾರದಂತೆ.
ಐವತ್ತು ದಾಟಿರಬಹುದು.
ಶೀಟಿಗೆ ಮೂಲೆ ನಾಲ್ಕೇ ಅಲ್ವಾ, ಇನ್ನೂ ಎಷ್ಟು ತರುತ್ತೀರಿ,
ಎಂದು ಬೈಯುತ್ತಾಳೆ.
ಎರಡು ಕಡಿಮೆ ಉಂಟು, ಎನ್ನುತ್ತೇನೆ.
ಅವಳು ಬಗ್ಗಿ ಎಣಿಸತೊಡಗುತ್ತಾಳೆ.