ಒಂಟಿಕೊಂಬಿನ ಚಾಪೆ

ನನ್ನ ಪಾಲಿಗೆ ಬಂದದ್ದು ಪಾದ.
ಹಿಮ್ಮಡಿ ಒಂದು ಕೈಲಿ, ಬೆರಳುಗಳ ಬುಡ ಇನ್ನೊಂದರಲ್ಲಿ.
ಜಗ್ಗಬೇಡ, ಬಿಡಲೂಬೇಡ, ಅಂದಳು ಬುರುಲ್ಚಾ ಅತ್ತೆ,
ಕುದುರೆ ಮರಿ ಹಾಕುವಾಗ ಹಿಡಿಯುತ್ತೀಯಲ್ಲ, ಹಾಗೆ.
ನನಗಾಗ ಹದಿಮೂರು. ಮರಿಗೆ ನೋವಾದರೆ
ಹೆಸರು ಹಿಡಿದು ಬೈಯುವುದಿಲ್ಲ.
ಜೊಲ್ಚು ಮಾವ ಬೈಯುತ್ತಿದ್ದ.

ಸಡಿಲಗಲ್ಲಿನ ಇಳಿಜಾರಲ್ಲಿ ಕುದುರೆ ಮಗ್ಗುಲಾಗಿ ಬಿದ್ದಿತ್ತು,
ಮಾವನ ಎಡಗಾಲು ಅದರ ಕೆಳಗೆ.
ಕುದುರೆ ಎದ್ದು, ಮೈ ಕೊಡವಿ, ಹುಲ್ಲಿಗೆ ಬಾಯಿ ಹಾಕಿತು.
ಮಾವ ಏಳಲಿಲ್ಲ.
ಮೊಣಕಾಲಿಗೂ ಪಾದಕ್ಕೂ ನಡುವೆ, ಇರಬಾರದ ಕಡೆ
ಒಂದು ಮಡಿಕೆ ಇತ್ತು.

ಆಸ್ಪತ್ರೆ ನರೀನ್‌ನಲ್ಲಿ. ನಡುವೆ ಎರಡು ಕಣಿವೆ, ಒಂದು ಹೊಳೆ,
ಶರ್ಶೆನ್‌ನ ಲಾರಿ, ಅದೂ ಶರ್ಶೆನ್ ಕುಡಿದಿರದಿದ್ದರೆ.
ಮರವೇ ಬೆಳೆಯದ ಎತ್ತರ ಅದು.
ದಬ್ಬೆ ಬೇಕೆಂದರೆ ಮುರಿಯಲು ಒಂದು ಕೊಂಬೆಯಿಲ್ಲ.
ಗುಡಾರದ ಕೋಲುಗಳು ಬಾಗಿದವು, ಚಾವಟಿಯ ಹಿಡಿ ಗಿಡ್ಡ,
ಗುದ್ದಲಿ ಕಾವನ್ನು ನಾಯಿ ಕಚ್ಚಿ ಸೀಳಿತ್ತು.

ಅತ್ತೆ ಒಳಗೆ ಹೋದಳು.
ಬಹಳ ಹೊತ್ತು ಅನ್ನಿಸಿತು. ಬಹಳವಾಗಿರಲಿಕ್ಕಿಲ್ಲ.
ಹೊರಬಂದಾಗ ಕೈಯಲ್ಲಿ ಜೊಂಡಿನ ಚಾಪೆ,
ಕಡ್ಡಿ ಕಡ್ಡಿಗೂ ಬಣ್ಣದ ಉಣ್ಣೆ ಸುತ್ತಿ
ಮಗಳು ಬೆಗಾಯಿಮಳ ಮದುವೆಗೆಂದು
ಮೂರು ಬೇಸಿಗೆಯಿಂದ ಹೆಣೆಯುತ್ತಿದ್ದದ್ದು:
ಟಗರಿನ ಕೊಂಬು, ಎಡಕ್ಕೊಂದು ಸುರುಳಿ, ಬಲಕ್ಕೊಂದು.
ಕುರಿ ಬೋಳಿಸುವ ಕತ್ತರಿ. ಕರಕ್. ಕರಕ್.
ನಟ್ಟನಡುವೆ ನೂಲು ಕಡಿದಳು. ಏನೂ ಹೇಳಲಿಲ್ಲ.

ಬೂಟು ಮಾತ್ರ ಕತ್ತರಿಸಬೇಡ ಅಂತ ಮಾವ ಗೋಗರೆದ.
ಹೊಸದು, ಎರಡು ಕುರಿಯ ಬೆಲೆ.
ಚಾಪೆಗಿಲ್ಲದ ಮರ್ಯಾದೆ ನಿನ್ನ ಬೂಟಿಗಾ, ಅಂದಳು.
ಆದರೂ ಹೊಲಿಗೆಯ ಗುಂಟವೇ ಬಿಚ್ಚಿದಳು,
ಮತ್ತೆ ಹೊಲಿಯಲು ಬರುವಂತೆ.

ಮೊದಲು ಉಣ್ಣೆ: ಹಿಮ್ಮಡಿಯ ಮೇಲಿನ ಪೊಳ್ಳಿಗೆ, ಮೊಣಕಾಲ ಹಿಂದಿನ ಸಂದಿಗೆ.
ಪೊಳ್ಳು ಬಿಟ್ಟರೆ ನೋವು ಅಲ್ಲೇ ಗೂಡು ಕಟ್ಟುತ್ತೆ.
ಆಮೇಲೆ ಚಾಪೆ, ತೊಡೆಯಿಂದ ಅಂಗಾಲು ದಾಟಿ,
ಮೇಲಿನ ಕೀಲು ಕೆಳಗಿನ ಕೀಲು ಎರಡೂ ಒಳಗೆ.
ಜೊಂಡು ಉದ್ದಕ್ಕೆ ಬಿರುಸು, ಅಡ್ಡಕ್ಕೆ ಮೆತ್ತಗೆ;
ಕಾಲನ್ನು ಅಪ್ಪಿಯೂ ಮಣಿಯದೆ ನಿಂತಿತು.
ಜೀನಿನ ಪಟ್ಟಿಯಿಂದ, ಮುರಿದ ಜಾಗ ಬಿಟ್ಟು,
ಮೇಲೆರಡು ಗಂಟು, ಕೆಳಗೆರಡು.
ಈಗ ಬಿಡು, ಅಂದಳು.
ನನ್ನ ಬೆರಳು ಬಿಡಲೊಲ್ಲವು. ಒಂದೊಂದಾಗಿ ಅವಳೇ ಬಿಡಿಸಿದಳು.

ಇರುಳಿಡೀ ಮಾವನ ಹೆಬ್ಬೆರಳ ಉಗುರು ಒತ್ತುವುದು ನನ್ನ ಕೆಲಸ.
ಒತ್ತಿದರೆ ಬಿಳಿ. ಬಿಟ್ಟರೆ ಕೆಂಪು ಮರಳಬೇಕು.
"ಬಂತಾ?" ಕತ್ತಲೊಳಗಿಂದ ಅತ್ತೆ.
"ಬಂತು."
ಒಮ್ಮೆ ಬರಲಿಲ್ಲ.
ದೀಪ ತಂದು, ಗಂಟುಗಳನ್ನು ಬೆರಳಗಲ ಸಡಿಲಿಸಿದಳು.
ಹಸಿ ಸಗಣಿಯ ಒಲೆ ಹತ್ತುತ್ತದೋ ಇಲ್ಲವೋ ಎಂಬಂತೆ
ಮೂವರೂ ಆ ಉಗುರನ್ನೇ ನೋಡುತ್ತ ಕೂತೆವು.
ಬಂತು.
ಬೆಳಗ್ಗೆ ಲಾರಿ ಹೊಳೆ ದಾಟುವಾಗ
ಶರ್ಶೆನ್ ಕೂಡ ಹಿಂದೆ ತಿರುಗಿ ಕೇಳಿದ: ಬಂತಾ?

ಆಸ್ಪತ್ರೆಯವರು ಪ್ಲಾಸ್ಟರ್ ಹಾಕಿ ಚಾಪೆ ಕಸಕ್ಕೆಸೆದರು.
ಚಳಿಗೆ ಮಾವ ಈಗಲೂ ಕುಂಟುತ್ತಾನೆ,
ಚಳಿಯಿಲ್ಲದಾಗಲೂ, ಕೆಲಸವಿದ್ದರೆ.
ಬೆಗಾಯಿಮಳ ಗುಡಾರದಲ್ಲಿ ಉಳಿದರ್ಧ ಚಾಪೆ ನಿಂತಿದೆ,
ಟಗರಿಗೆ ಒಂದೇ ಕೊಂಬು.
ಪೂರ್ತಿ ಮಾಡಿಕೊಡಲೇ ಎಂದು ಅತ್ತೆ ಕೇಳಿದಳಂತೆ.
ಬೇಡ ಅಂದಳಂತೆ.

ನನಗೂ ಒಂದು ಚಟ ಉಳಿದಿದೆ:
ಮಲಗಿದ ಮಕ್ಕಳ ಕಾಲ ಬಳಿ ಕೂತಾಗ
ಹೆಬ್ಬೆರಳ ಉಗುರು ಮೆಲ್ಲಗೆ ಒತ್ತಿ, ಬಿಟ್ಟು,
ಕಾಯುವುದು.