ಉಪ್ಪಿನ ಹಿಮ

ಅಂಧೇರಿಯ ಸ್ಟುಡಿಯೋ. ಮೂರನೆಯ ಮಹಡಿ. ಲಿಫ್ಟು ಕೆಟ್ಟಿದೆ.
ಗಾಜಿನ ಆಚೆ ಸಂದೇಶ ಘಾಡಿ ವಡಾಪಾವ್ ಮುಗಿಸಿ
ಹೆಬ್ಬೆರಳೆತ್ತುತ್ತಾನೆ: ಶುರು.
ಐವತ್ತೆರಡರ ನಾನು ಇವತ್ತು ಹನ್ನೊಂದರ ಹುಡುಗ,
ಹಡಗಿನಲ್ಲಿ ಆಲೂಗಡ್ಡೆ ಸುಲಿಯುವವನು.
ಎಪಿಸೋಡಿಗೆ ಎಂಟುನೂರು, ಟೀ ಬೇರೆ.

ತೆರೆಯ ಮೇಲೆ ಉತ್ತರ ಧ್ರುವ.
ಕಂಡ ಕೂಡಲೇ ಗುರುತು ಸಿಕ್ಕಿತು:
ಭಾಯಂದರದ ಉಪ್ಪಿನ ಗದ್ದೆ.
ಮೇ ತಿಂಗಳು. ಉಣ್ಣೆ ಕೋಟಿನ ಕಂಕುಳಲ್ಲಿ
ನಾವಿಕರಿಗೆಲ್ಲ ಒಂದೊಂದು ಭೂಪಟ.
ಹಡಗಿಗೆ ಒಂದೇ ಮಗ್ಗುಲು;
ಪ್ಲೈವುಡ್ಡಿನ ಹಿಂದೆ ಯಾರೋ ಹಿಡಿದು ನಿಂತಿದ್ದಾನೆ,
ಅವನ ಹವಾಯಿ ಚಪ್ಪಲಿ ಕೆಳಗೆ ಕಾಣುತ್ತದೆ.
ಹಿಮಕರಡಿ ಎರಡು ಕಾಲಲ್ಲಿ ನಡೆದು ಬಂದು
ಸುಸ್ತಾಗಿ ಸೊಂಟಕ್ಕೆ ಕೈ ಕೊಡುತ್ತದೆ.
ಒಂದು ಬೆಳ್ಳಕ್ಕಿ, ಯಾರೂ ಕರೆಯದೆ,
ಧ್ರುವಪ್ರದೇಶವನ್ನು ಅಡ್ಡ ದಾಟುತ್ತದೆ.
ನಟನೆ ಅಂದರೆ ಅದರದೇ.
ದೂರದಲ್ಲಿ ವಿರಾರ್ ಫಾಸ್ಟಿನ ಹಾರನ್ನು.
ತಿಮಿಂಗಿಲ ಕೂಗಿತು ಅಂದುಬಿಡಿ, ಅನ್ನುತ್ತಾನೆ ಘಾಡಿ ಮರಾಠಿಯಲ್ಲಿ,
ಒಂದು ಡೈಲಾಗು ಸೇರಿಸಿದರಾಯಿತು.

ಈ ಪುಸ್ತಕ ನನಗೆ ಗೊತ್ತು, ಸ್ವಾಮಿ.
ಅಪ್ಪ ಫೋರ್ಟಿನ ಹೋಟೆಲಿನಲ್ಲಿ ಗಲ್ಲೆಗೆ ಕೂತವರು.
ಫೌಂಟನ್ ಫುಟ್‌ಪಾತಿನಿಂದ ಒಂದೂವರೆ ರೂಪಾಯಿಗೆ ತಂದರು.
ರಟ್ಟಿಲ್ಲ, ಹೆಸರಿಲ್ಲ, ಕೊನೆಯ ಹದಿನಾಲ್ಕು ಪುಟ
ಯಾವ ಶೇಂಗಾ ಮಾರುವವನ ಪಾಲೋ.
ನೈಟ್ ಸ್ಕೂಲಿನ ಇಂಗ್ಲಿಷು ಅಪ್ಪನದು;
ಸಾಲುಸಾಲಿಗೂ ಎಡವಿ, ಎದ್ದು, ಕನ್ನಡಕ್ಕೆ ಬರುತ್ತಿದ್ದರು,
ತಿಳಿಯದ ಪದ ಸಿಕ್ಕಿದಲ್ಲಿ
ಬಿರುಗಾಳಿ ಎಬ್ಬಿಸಿ ದಾಟಿಸಿಬಿಡುತ್ತಿದ್ದರು.
ಎಷ್ಟು ಬಿರುಗಾಳಿ ಆ ಕತೆಯಲ್ಲಿ!

ಪರೇಲಿನ ಖೋಲಿ, ಹತ್ತಕ್ಕೆ ಹನ್ನೆರಡು.
ಹೋಟೆಲು ಮುಚ್ಚಿದ ಮೇಲೆ
ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಿದ್ದರು
ಸೋಡಾ ಪೆಟ್ಟಿಗೆಯಲ್ಲಿ ಉಳಿದ ಮಂಜುಗಡ್ಡೆ.
ಹಿತ್ತಾಳೆ ಹರಿವಾಣದಲ್ಲಿಟ್ಟು, ಲೈಟು ಆರಿಸಿ,
ಬೆಂಕಿಪೊಟ್ಟಣ ಅದಕ್ಕೆ ಒರಗಿಸಿ,
"ಹಡಗು ಸಿಕ್ಕಿಕೊಂಡಿತು, ಮಕ್ಕಳೇ."
ನಾವು ಮೂವರು, ಪಕ್ಕದ ಖೋಲಿಯ ಪಾಲವರ ಕುಸುಮ್,
ಕಿವಿ ಇಟ್ಟು ಕೇಳುತ್ತಿದ್ದೆವು.
ಒಳಗೆಲ್ಲೋ ಸಣ್ಣಗೆ ಟಿಕ್ ಅನ್ನುತ್ತಿತ್ತು ಧ್ರುವ.
ಗಡ್ಡೆ ಕರಗುವುದರೊಳಗೆ ಅಧ್ಯಾಯ ಮುಗಿಯಬೇಕು.
ಮೇ ತಿಂಗಳಲ್ಲಿ ಅಧ್ಯಾಯಗಳು ಚಿಕ್ಕವು.

ಇಲ್ಲದ ಹದಿನಾಲ್ಕು ಪುಟಕ್ಕೆ
ಅಪ್ಪ ಹನ್ನೊಂದು ರಾತ್ರಿ ತೆಗೆದುಕೊಂಡರು.
ಒಂದು ಕಿವಿಯ ಕಪ್ತಾನ ಸಾಯಲಿಲ್ಲ.
ನಡೆದ, ನಡೆದ, ಹಿಮದ ಮೇಲೆ ನಡೆದ,
ಬೂಟು ತಿಂದ, ಬೆಲ್ಟು ತಿಂದ,
ಕಡೆಗೊಂದು ದೀಪ ಕಂಡು ಬಾಗಿಲು ಬಡಿದರೆ
ಒಳಗೆ ಕುಂದಾಪುರದ ಒಬ್ಬ ಭಟ್ಟರು
ಕಾವಲಿಗೆ ದೋಸೆ ಹುಯ್ಯುತ್ತಾ:
"ಬನ್ನಿ, ಕೂಕಣಿ. ಎಷ್ಟ್ ಹೊತ್ತಾಯ್ತ್ ಮಾರಾಯ್ರೆ."
ಚಟ್ನಿ ಇತ್ತಾ, ಕೇಳಿದಳು ಕುಸುಮ್.
ಅಪ್ಪ ಯೋಚಿಸಿದರು. ಇತ್ತು.

ಇಲ್ಲಿ ಕಪ್ತಾನ ಸಾಯುತ್ತಿದ್ದಾನೆ.
ಪುಸ್ತಕದಲ್ಲಿ ಹಾಗೇ ಇದೆಯಂತೆ.
ಉಪ್ಪಿನ ಮೇಲೆ ಮಲಗಿದವನ ರೆಪ್ಪೆ ಅದುರುತ್ತದೆ,
ಬಿಸಿಲು ನೇರ ಕಣ್ಣಿಗೆ.
ನಲವತ್ತೈದು ವರ್ಷ ನನಗೆ ಗೊತ್ತಾಗದ ಹಾಗೆ
ಬಚ್ಚಿಟ್ಟುಕೊಂಡಿದ್ದ ಸಾವು
ಏಳು ಸೆಕೆಂಡು. ಇನ್ನೊಂದು ಟೇಕಿಗೆ ದುಡ್ಡಿಲ್ಲ.

ಬೆಳ್ಳಕ್ಕಿಯ ಮೇಲೆ ನನಗೆ ಸಿಟ್ಟಿಲ್ಲ. ಚಪ್ಪಲಿಯ ಮೇಲೂ.
ಅಪ್ಪನ ಬಜೆಟ್ಟು ಇದಕ್ಕಿಂತ ಕಡಿಮೆ,
ಗಡ್ಡೆ ಕೂಡ ಹೋಟೆಲಿನದು.
ಆದರೆ ಪೊಟ್ಟಣ ಸರಿಸುವಾಗ
ಅವರ ಬೆರಳು ನಡುಗುತ್ತಿತ್ತು.
ಇವರ ಪೈಕಿ ಒಬ್ಬನಿಗಾದರೂ ಚಳಿಯಾಗಿದ್ದರೆ.

ಹುಡುಗ ಬಾಗುತ್ತಾನೆ. ಬಾಯಿ ನಾಲ್ಕೈದು ಸಲ
ತೆರೆದು ಮುಚ್ಚುತ್ತದೆ.
ಸ್ಕ್ರಿಪ್ಟಿನಲ್ಲಿ ಬರೆದದ್ದು: ಕಪ್ತಾನ್, ಏಳಿ.
ಘಾಡಿ ಹೆಬ್ಬೆರಳೆತ್ತುತ್ತಾನೆ.
ಮೈಕಿನ ಹತ್ತಿರ ಸರಿದು ನಾನು,
"ಬನ್ನಿ, ಕೂಕಣಿ."

ಘಾಡಿಗೆ ಕನ್ನಡ ಬಾರದು.
ತುಟಿ ನೋಡಿ, ಗಡಿಯಾರ ನೋಡಿ,
ಬರೋಬರ್, ಅನ್ನುತ್ತಾನೆ. ಪುಢೇ.